ಕ್ಯಾಲಿಫೋರ್ನಿಯಾದಲ್ಲಿ ಗಾಂಜಾ ಎಣ್ಣೆ ಔಷಧಿ, ಆದರೂ ತಮ್ಮನ ವೀಸಾಗೆ ತೊಂದರೆನಾ?

ಪ್ರಶ್ನೆ (ನವನಗರ, ಹುಬ್ಬಳ್ಳಿ):
ನನ್ನ ತಮ್ಮ ಸ್ಯಾನ್ ಹೋಸೆಯಲ್ಲಿ ಎಚ್‌-1ಬಿ ಅನ್ನೋ ಕೆಲಸದ ವೀಸಾ ಮೇಲೆ ಇದ್ದಾನೆ. ಬೆನ್ನು ನೋವಿಗೆ ಗಾಂಜಾ ಎಣ್ಣೆ ತಗೊಳ್ಳಬಹುದು ಅಂತ ಡಾಕ್ಟರ್ ಚೀಟಿ ಕೊಟ್ಟಿದ್ದಾರೆ. ಅಂಗಡಿಯವರು ಬಿಲ್ ಕೊಟ್ಟೇ ಮಾರುತ್ತಾರಂತೆ. ರೂಮ್‌ಮೇಟ್ ಮಾತ್ರ "ಗ್ರೀನ್ ಕಾರ್ಡ್‌ಗೆ (ಅಲ್ಲೇ ಕಾಯಂ ಇರೋ ಪರವಾನಗಿಗೆ) ಕುತ್ತು" ಅಂತ ಹೆದರಿಸಿದ್ದಾನೆ. ಸರ್ಕಾರವೇ ಲೈಸೆನ್ಸ್ ಕೊಟ್ಟಮೇಲೆ ಅದು ತಪ್ಪು ಹೇಗೆ? ದೀಪಾವಳಿಗೆ ಬರುವಾಗ ಅವ್ವನ ಮೊಣಕಾಲಿಗೂ ಒಂದು ಬಾಟಲಿ ತರ್ತೀನಿ ಅಂತಿದ್ದಾನೆ. ತರಬಹುದಾ?

ಉತ್ತರ 1 (ಸವಣೂರು):
ಒಂದು ಸಣ್ಣ ಬಾಟಲಿ ಯಾರು ನೋಡ್ತಾರ್ರಿ? ಬಟ್ಟೆ ಒಳಗೆ ಸುತ್ತಿ ತರಲಿ.

ಉತ್ತರ 2 (ಧಾರವಾಡ):
ಅಕ್ಕಾರ, ಮೇಲಿನವರ ಮಾತು ಕೇಳಬೇಡಿ. ನಾನು ಇಲ್ಲಿ ವಕೀಲ. ಮಗಳು ಅಮೆರಿಕದಲ್ಲಿ ಇರೋದರಿಂದ ಈ ವಿಷಯ ಕೂತು ಓದಿದ್ದೇನೆ.

ಲೈಸೆನ್ಸ್ ಕೊಟ್ಟಿದ್ದು ರಾಜ್ಯ ಸರ್ಕಾರ. ವೀಸಾ ಕೊಡೋದು ಅಮೆರಿಕದ ಕೇಂದ್ರ ಸರ್ಕಾರ. ಕ್ಯಾಲಿಫೋರ್ನಿಯಾ ಜನ 1996ರಲ್ಲಿ ಮತ ಹಾಕಿ ರೋಗಿಗಳಿಗೆ ಗಾಂಜಾ ಬಿಟ್ಟರು. ಆದರೆ 1970ರ ಕೇಂದ್ರ ಕಾಯ್ದೆ ಅದನ್ನು ಹೆರಾಯಿನ್ ಇರುವ ಪಟ್ಟಿಗೇ ಸೇರಿಸಿತ್ತು. ಡಯೇನ್ ಮಾನ್ಸನ್ ಅನ್ನೋ ರೋಗಿಯ ಮನೆಯಲ್ಲಿ ಆರು ಗಿಡ ಇದ್ದವು. ಸ್ಥಳೀಯ ಪೊಲೀಸರು ಬಂದು ನೋಡಿ, ಇದು ಕಾನೂನು ಪ್ರಕಾರವೇ ಇದೆ ಅಂದರು. ಜೊತೆಗೆ ಬಂದಿದ್ದ ಕೇಂದ್ರದ ಅಧಿಕಾರಿಗಳು ಆರನ್ನೂ ನಾಶ ಮಾಡಿದರು! ಆಕೆ ಮತ್ತು ಏಂಜೆಲ್ ರೈಚ್ ಅನ್ನೋ ಇನ್ನೊಬ್ಬ ರೋಗಿ ಕೋರ್ಟಿಗೆ ಹೋದರು. 2005ರಲ್ಲಿ ಸುಪ್ರೀಂ ಕೋರ್ಟ್ 6-3ರಲ್ಲಿ ಕೇಂದ್ರದ ಪರ ನಿಂತಿತು. ರಾಜ್ಯ ರಾಜ್ಯಗಳ ನಡುವಿನ ವ್ಯಾಪಾರವನ್ನು ನಿಯಂತ್ರಿಸೋ ಕೇಂದ್ರದ ಅಧಿಕಾರ ಮನೆ ಬಳಕೆಯ ಗಿಡಕ್ಕೂ ತಾಗುತ್ತದಂತೆ. ನನ್ನನ್ನು ಕೇಳಿದರೆ ಇದು ಅತಿಯಾಯ್ತು.

ಮತ್ತೆ ಅಂಗಡಿಗಳು ಹೇಗೆ ನಡೆಯುತ್ತವೆ ಅಂತೀರಾ? 2014ರಲ್ಲಿ ಅಲ್ಲಿನ ಸಂಸತ್ತು ಬಜೆಟ್‌ನಲ್ಲಿ ಒಂದು ಷರತ್ತು ಹಾಕಿತು. ರಾಜ್ಯಗಳ ಗಾಂಜಾ ಔಷಧಿ ಕಾನೂನಿಗೆ ಅಡ್ಡಿ ಮಾಡೋಕೆ ನ್ಯಾಯ ಇಲಾಖೆ ದುಡ್ಡು ಖರ್ಚು ಮಾಡಬಾರದು ಅಂತ. ಅದು ಆ ಇಲಾಖೆಯ ಕೈ ಕಟ್ಟಿತು, ಅಷ್ಟೇ. ವಲಸೆ ಇಲಾಖೆ ಬೇರೆ. ರಾಜ್ಯ ಒಪ್ಪಿದ್ದರೂ ಗಾಂಜಾ ಪೌರತ್ವಕ್ಕೆ ಅಡ್ಡ ಬರಬಹುದು ಅಂತ ಅವರು 2019ರಲ್ಲೇ ಬರೆದು ಹೇಳಿದ್ದಾರೆ. ಗ್ರೀನ್ ಕಾರ್ಡ್‌ಗೂ ಇದೇ ತೊಂದರೆ. ಕೇಸು ಆಗಿರಲೇಬೇಕು ಅಂತಿಲ್ಲ, ಬಾಯಿಬಿಟ್ಟು ಒಪ್ಪಿಕೊಂಡರೂ ಕಷ್ಟ.

ಬಾಟಲಿ ಅಂತೂ ಬೇಡವೇ ಬೇಡ. ಇಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆ, ಅಂದರೆ ಮಾದಕ ವಸ್ತು ತಡೆಯೋ ಕಾನೂನು ಇದೆ. ಅಮೆರಿಕದ ಡಾಕ್ಟರ ಚೀಟಿ ನಮ್ಮ ಕಸ್ಟಮ್ಸ್‌ನವರ ಮುಂದೆ ನಡೆಯಲ್ಲ.

ಪ್ರಶ್ನೆ ಕೇಳಿದವರು:
ಸರ್, ಅವನು ಆಗಲೇ ತಗೊಳ್ಳೋಕೆ ಶುರು ಮಾಡಿದ್ದಾನೆ. ಈಗ?

ಉತ್ತರ 2 (ಧಾರವಾಡ):
ಸದ್ಯಕ್ಕೆ ನಿಲ್ಲಿಸಿ, ನೋವಿಗೆ ಬೇರೆ ಔಷಧಿ ಕೊಡಿ ಅಂತ ಡಾಕ್ಟರನ್ನೇ ಕೇಳಲಿ. ಫಾರ್ಮ್‌ನಲ್ಲಿ ಸುಳ್ಳು ಬರೆಯೋದು ಬೇಡ, ಅದು ಇನ್ನೊಂದು ಅಪರಾಧ. ಗ್ರೀನ್ ಕಾರ್ಡ್ ಅರ್ಜಿಗೆ ಸಹಿ ಹಾಕೋ ಮೊದಲು ಅಲ್ಲಿನ ವಲಸೆ ವಕೀಲರನ್ನು ಕಾಣಲಿ. ಕಂಪನಿಯ ವಕೀಲರನ್ನಲ್ಲ, ತನ್ನದೇ ಸ್ವಂತ ವಕೀಲರನ್ನು.