ಬಳಚು ದಿಬ್ಬದ ಮೇಲೆ ಪಚ್ಚಿಲೆ ಗಳ: ಭಾನುವಾರ ಎಲ್ಲರೂ ಬನ್ನಿ

ದಂಡೆ ಓಣಿ, ಮೊದಲ ಮನೆ:
ನಮಸ್ಕಾರ. ನಮ್ಮ ಎದುರಿನ, ಬಳಚು (ಮರಳಲ್ಲಿ ಹುದುಗಿರುವ ಚಿಪ್ಪುಮೀನು) ಸಿಗುವ ದಿಬ್ಬದಲ್ಲಿ ನಿನ್ನೆ ಯಾರೋ ಬಿದಿರಿನ ಗಳ ಹುಗಿದಿದ್ದಾರೆ. ಪಚ್ಚಿಲೆ (ಬಂಡೆಗೆ ಕಚ್ಚಿಕೊಂಡು ಬೆಳೆಯುವ ಹಸಿರು ಚಿಪ್ಪುಮೀನು) ಸಾಕಣೆಗಂತೆ. ನಮ್ಮನ್ನು ಒಂದು ಮಾತೂ ಕೇಳಲಿಲ್ಲ. ಎಷ್ಟೋ ಮನೆಗಳ ಸಂತೆ ಖರ್ಚು ಆ ದಿಬ್ಬದಿಂದಲೇ ನಡೆಯುತ್ತದೆ. ನೀರು ಇಳಿದಾಗ ಅಮ್ಮ ಅಂಗಾಲಲ್ಲೇ ಬಳಚು ಹುಡುಕುತ್ತಾರೆ. ಕಾಲಿಗೆ ಗಟ್ಟಿ ತಾಗಿದಲ್ಲಿ ಕೈ ಹಾಕಿದರೆ ಸಿಕ್ಕಿತು. ಈಗ ಅಲ್ಲಿ ಗಳದ ಸಾಲು.

ಅರಳಿಕಟ್ಟೆ ಪಕ್ಕದ ಮನೆ:
ಅಣ್ಣ, ಕಾಸರಗೋಡಿನ ಪಡನ್ನ ಕಡೆ 1990ರ ದಶಕದಿಂದ ಹೆಂಗಸರ ಸಂಘಗಳೇ ಪಚ್ಚಿಲೆ ಬೆಳೆಸುತ್ತಿವೆ. ಮರಿಯನ್ನು ಹತ್ತಿ ಬಟ್ಟೆಯಲ್ಲಿ ಹಗ್ಗಕ್ಕೆ ಸುತ್ತಿ, ಗಳದಿಂದ ನೀರಿಗೆ ಇಳಿಬಿಡುತ್ತಾರೆ. ಬಟ್ಟೆ ಕೊಳೆಯುವಷ್ಟರಲ್ಲಿ ಮರಿ ಹಗ್ಗ ಕಚ್ಚಿಕೊಂಡಿರುತ್ತದೆ. ಮಳೆಗೆ ಮುಂಚೆ ಕೊಯ್ಲು. ನಮ್ಮ ಹುಡುಗರಿಗೂ ದುಡಿಮೆ ಆಗುತ್ತದೆ ಅಲ್ವಾ?

ಮೊದಲ ಮನೆ:
ಆಗಲಿ ತಮ್ಮ, ಸಾಕಣೆ ಬೇಡ ಅನ್ನುತ್ತಿಲ್ಲ. ದಿಬ್ಬದ ಮೇಲೆ ಬೇಡ. ಪಚ್ಚಿಲೆಗೂ ಬಳಚಿಗೂ ಒಂದೇ ಊಟ, ನೀರಲ್ಲಿ ತೇಲುವ ಕಣ್ಣಿಗೆ ಕಾಣದ ಪಾಚಿ. ನೀರು ಚೆನ್ನಾಗಿ ಹರಿಯುವ ಕಡೆ ಎರಡಕ್ಕೂ ಸಾಕಾಗಬಹುದು. ಇಲ್ಲಿ ಹರಿವು ನಿಧಾನ. ಅದಕ್ಕಿಂತ ನನಗೆ ಹೆದರಿಕೆ ಇರೋದು ಮರಿಗಳ ಬಗ್ಗೆ. ಬಳಚಿನ ಮರಿ ಮೊದಲು ಕೆಲವು ದಿನ ನೀರಲ್ಲೇ ತೇಲುತ್ತದೆ, ಆಮೇಲೆ ಹೊಯಿಗೆಗೆ ಇಳಿಯುತ್ತದೆ. ತೇಲುವಾಗ ಪಚ್ಚಿಲೆ ಅದನ್ನೂ ಹೀರಿಕೊಳ್ಳುತ್ತದೆ.

ಶಾಲೆ ಹಿಂದಿನ ಮನೆ:
ಹಗ್ಗದ ಕೆಳಗೆ ಪಚ್ಚಿಲೆಯ ಹಿಕ್ಕೆ ಬಿದ್ದು ರಾಡಿ ಕಟ್ಟುತ್ತದೆ. ಗಳ ಒತ್ತೊತ್ತಾಗಿದ್ದರೆ ಇನ್ನೂ ಜಾಸ್ತಿ. ರಾಡಿ ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬಂತೋ, ಅಲ್ಲಿ ಬಳಚಿಗೆ ಉಸಿರಾಡಲು ಆಗದು. ಆದರೆ ನಮ್ಮ ತಪ್ಪೂ ಇದೆ. ಸಣ್ಣ ಬಳಚನ್ನೂ ಬಿಡದೆ ಬಾಚುತ್ತಿದ್ದೇವೆ. ಕೇರಳದ ಕೊಲ್ಲಂನ ಅಷ್ಟಮುಡಿ ಹಿನ್ನೀರಿನಲ್ಲಿ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಬಳಚು ಹಿಡಿಯುವುದನ್ನು ನಿಲ್ಲಿಸುವ ನಿಯಮ ಮಾಡಿಕೊಂಡರು. ಬಲೆ ಕಣ್ಣಿಗೂ ಅಳತೆ ಇಟ್ಟರು. 2014ರಲ್ಲಿ ಅವರಿಗೆ ಎಂಎಸ್‌ಸಿ ಪ್ರಮಾಣಪತ್ರ ಸಿಕ್ಕಿತು, ಸಂತತಿ ಬರಿದಾಗದಂತೆ ಹಿಡಿಯುವವರಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಅದು, ಇಡೀ ದೇಶಕ್ಕೇ ಮೊದಲನೆಯದು.

ದಂಡೆ ಓಣಿ, ಮೂರನೇ ಮನೆ:
ಅಮ್ಮ ಹೇಳಿದ್ದನ್ನು ಟೈಪ್ ಮಾಡುತ್ತಿದ್ದೇನೆ. "ಪಚ್ಚಿಲೆ ಮರಿ ಎಲ್ಲಿಂದ ತರ್ತಾರೆ, ಮೊದಲು ಅದನ್ನ ಕೇಳಿ. ಕಡಲ ಬಂಡೆಯಿಂದ ಕೆರೆದು ತಂದರೆ ಅಲ್ಲಿ ಪಚ್ಚಿಲೆ ಕೀಳೋರು ಏನು ಮಾಡಬೇಕು?"

ಮೊದಲ ಮನೆ:
ಚಿಕ್ಕಮ್ಮ, ಇದು ನನಗೆ ಹೊಳೆದೇ ಇರಲಿಲ್ಲ. ಅರ್ಜಿಯಲ್ಲಿ ಸೇರಿಸುತ್ತೇನೆ. ಮಾಸ್ತರ್ರೇ, ಸಣ್ಣ ಬಳಚು ಬಿಡುವ ಮಾತನ್ನೂ ನಾವೇ ಬರೆದುಕೊಡೋಣ.

ಭಾನುವಾರ ನೀರು ಇಳಿದ ಹೊತ್ತಿಗೆ ಬನ್ನಿ. ಪೈಪಿನಿಂದ ಒಂದು ಮೀಟರಿನ ಚೌಕ ಮಾಡಿಸಿದ್ದೇನೆ. ಗಳ ಇರುವ ಕಡೆ ಹತ್ತು ಸಲ, ಇಲ್ಲದ ಕಡೆ ಹತ್ತು ಸಲ ಇಟ್ಟು ಬಳಚು ಎಣಿಸೋಣ. ಎಣಿಸಿದ್ದನ್ನು ವಾಪಸ್ ಹೂಳಬೇಕು. ಈಗಲೇ ಲೆಕ್ಕ ಇಡದಿದ್ದರೆ ಮುಂದೆ ಕಡಿಮೆಯಾಯಿತು ಅಂದರೆ ಯಾರು ನಂಬುತ್ತಾರೆ? ಆಮೇಲೆ ಪಂಚಾಯತಿಗೂ ಮೀನುಗಾರಿಕೆ ಇಲಾಖೆಗೂ ಅರ್ಜಿ. ನಮ್ಮ ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ನೆಲೆಗಳ ಪಟ್ಟಿಗೆ ಸೇರಿದೆ, ಅದನ್ನೂ ಬರೆಯೋಣ. ಗಳ ಹಾಕಿದವರಿಗೂ ಬರಹೇಳಿದ್ದೇನೆ. ಯಾರೂ ಗಳ ಕೀಳಬೇಡಿ, ಜಗಳ ಬೇಡ.

ಜರಡಿ ಇದ್ದವರು ತನ್ನಿ. ಚಿಕ್ಕಮ್ಮ, ನೀವು ಬರಲೇಬೇಕು. ಹಳೇ ದಿಬ್ಬ ಎಲ್ಲಿಂದ ಎಲ್ಲಿವರೆಗೆ ಇತ್ತು ಅಂತ ತೋರಿಸೋಕೆ ನೀವೇ ಬೇಕು.