ಮಾನಿಟರ್ ಉದ್ದಕ್ಕೆ ತಿರುಗಿಸಿದ ಮೇಲೆ ಅಕ್ಷರದ ಅಂಚಲ್ಲಿ ಕೆಂಪು-ನೀಲಿ (ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ ಉಬುಂಟು 22.04)

ಕರಡುಕಣ್ಣು:
ನಮಸ್ಕಾರ. ನನ್ನದು ಪುಸ್ತಕಗಳ ಕರಡು ತಿದ್ದುವ ಕೆಲಸ. ಇಡೀ ಪುಟ ಒಟ್ಟಿಗೆ ಕಾಣಲಿ ಅಂತ ಹೋದ ವಾರ 24 ಇಂಚಿನ ಮಾನಿಟರನ್ನು ಉದ್ದಕ್ಕೆ ತಿರುಗಿಸಿಟ್ಟೆ. ಈಗ ಪ್ರತಿ ಅಕ್ಷರದ ಒಂದು ಪಕ್ಕ ಕೆಂಪು ಛಾಯೆ, ಇನ್ನೊಂದು ಪಕ್ಕ ನೀಲಿ. ‘ಸ್ವಾತಂತ್ರ್ಯ’ ಅಂತ ಇದ್ದರೆ ರ ಒತ್ತು, ಯ ಒತ್ತು ಎರಡೂ ಕಲಸಿಹೋಗಿ ಯಾವುದು ಯಾವುದೋ ಗೊತ್ತಾಗಲ್ಲ. ನೋಟೋ, ಗುಬ್ಬಿ, ನವಿಲು ಮೂರೂ ಫಾಂಟ್ ಹಾಕಿ ನೋಡಿದೆ. ಕಣ್ಣಿನ ಡಾಕ್ಟರ ಹತ್ತಿರವೂ ಹೋಗಿಬಂದೆ, ಕನ್ನಡಕದ ನಂಬರ್ ಬದಲಾಗಿಲ್ಲ. ದಯವಿಟ್ಟು ದಾರಿ ಹೇಳಿ.

ದುಂಡಕ್ಷರ:
ತಪ್ಪು ಫಾಂಟಿನದ್ದಲ್ಲ, ನಿಮ್ಮ ಕಣ್ಣಿನದ್ದೂ ಅಲ್ಲ. ಸಾಮಾನ್ಯ ಎಲ್‌ಸಿಡಿ ಪರದೆಯ ಒಂದೊಂದು ಚುಕ್ಕಿಯಲ್ಲೂ, ಅಂದರೆ ಪಿಕ್ಸೆಲ್‌ನಲ್ಲೂ ಕೆಂಪು, ಹಸಿರು, ನೀಲಿ ಪಟ್ಟಿಗಳು ಅಕ್ಕಪಕ್ಕ ಇರುತ್ತವೆ. ಅಕ್ಷರದ ಅಂಚು ನುಣುಪಾಗಿ ಕಾಣಲಿ ಅಂತ ಉಬುಂಟು ಈ ಪಟ್ಟಿಗಳನ್ನೇ ಬಿಡಿಬಿಡಿಯಾಗಿ ಬೆಳಗಿಸುತ್ತದೆ. ನೀವು ಮಾನಿಟರ್ ತಿರುಗಿಸಿದಾಗ ಪಟ್ಟಿಗಳು ಒಂದರ ಕೆಳಗೊಂದು ಬಂದವು. ಫಾಂಟ್ ಸೆಟ್ಟಿಂಗ್ ಮಾತ್ರ ಹಳೆಯದೇ ಉಳಿಯಿತು. ಅದಕ್ಕೇ ಬಣ್ಣ ಆಚೆ ಚೆಲ್ಲುತ್ತಿದೆ.

ಗ್ನೋಮ್ ಟ್ವೀಕ್ಸ್ ಅನ್ನುವ, ಪರದೆಯ ನೋಟ ಬದಲಿಸುವ ಆ್ಯಪ್ ಇನ್‌ಸ್ಟಾಲ್ ಮಾಡಿ. ಅದರಲ್ಲಿ ಫಾಂಟ್ಸ್ ಅಂತ ಇದೆ. ಆಂಟಿಅಲಿಯಾಸಿಂಗ್ (ಅಂಚು ನುಣುಪು ಮಾಡುವ ಬಗೆ) ಈಗ ‘ಸಬ್‌ಪಿಕ್ಸೆಲ್’ ಇರುತ್ತದೆ, ‘ಸ್ಟ್ಯಾಂಡರ್ಡ್’ ಮಾಡಿ. ಆಮೇಲೆ ಬರೀ ಬೂದು ಛಾಯೆಯಲ್ಲಿ ಅಂಚು ಮೂಡುತ್ತದೆ. ಹಿಂಟಿಂಗ್ (ಅಕ್ಷರದ ಗೆರೆಗಳನ್ನು ಪಿಕ್ಸೆಲ್ ಸಾಲಿಗೆ ಹೊಂದಿಸುವುದು) ‘ಸ್ಲೈಟ್’ ಇರಲಿ. ‘ಫುಲ್’ ಮಾಡಬೇಡಿ, ನಮ್ಮ ದುಂಡು ಅಕ್ಷರಗಳ ಬಾಗು ಕೆಡುತ್ತದೆ.

ಉದ್ದ ನಿಂತ ಪರದೆಗೆಂದೇ ‘ವಿಆರ್‌ಜಿಬಿ’ ಅಂತ ಒಂದು ಸೆಟ್ಟಿಂಗ್ ಇದೆ. ಆದರೆ ಅದು ಎಲ್ಲ ಪರದೆಗೂ ಒಟ್ಟಿಗೆ ಅನ್ವಯಿಸುತ್ತದೆ. ಪಕ್ಕದಲ್ಲಿ ಅಡ್ಡ ಮಾನಿಟರ್ ಇದ್ದರೆ ಅಲ್ಲಿ ಇದೇ ಗೋಳು ಶುರುವಾಗುತ್ತದೆ. ನಾನಾದರೆ ಸ್ಟ್ಯಾಂಡರ್ಡ್‌ಗೇ ಬಿಡುತ್ತೇನೆ.

ಕರಡುಕಣ್ಣು:
ಬಣ್ಣ ಪೂರ್ತಿ ಹೋಯಿತು! ತುಂಬಾ ಧನ್ಯವಾದ. ಇನ್ನೊಂದು ಉಳಿದಿದೆ. ಫೈರ್‌ಫಾಕ್ಸ್‌ನಲ್ಲಿ ಕನ್ನಡ ಸಣ್ಣ, ಒತ್ತು ಇನ್ನೂ ಸಣ್ಣ. ಜೂಮ್ ಮಾಡಿದರೆ ಇಂಗ್ಲಿಷ್ ಸುಮ್ನೆ ದೊಡ್ಡದಾಗುತ್ತದೆ.

ಮಲೆನಾಡಿಗ:
ನಾನೂ ಇದರಲ್ಲಿ ತುಂಬಾ ದಿನ ಒದ್ದಾಡಿದ್ದೇನೆ. ಕನ್ನಡ ಫಾಂಟ್ ಮೇಲೆ ಗುಡಿಸಿಗೆ, ಕೆಳಗೆ ಒತ್ತಿಗೆ ಜಾಗ ಬಿಡಬೇಕು ಅಲ್ವಾ? ಹಾಗಾಗಿ ಅಳತೆ ಅದೇ ಇದ್ದರೂ ಮೂಲ ಅಕ್ಷರ ಸಣ್ಣದಾಗಿ ಕಾಣುತ್ತದೆ.

ಫೈರ್‌ಫಾಕ್ಸ್ ಸೆಟ್ಟಿಂಗ್ಸ್‌ನಲ್ಲಿ ಫಾಂಟ್ಸ್ ಇರುವಲ್ಲಿ ‘ಅಡ್ವಾನ್ಸ್ಡ್’ ಒತ್ತಿ. ಮೇಲಿನ ಪಟ್ಟಿಯಲ್ಲಿ ಕನ್ನಡ ಆರಿಸಿ. ಅಲ್ಲಿ ಕನ್ನಡಕ್ಕೇ ಬೇರೆ ಫಾಂಟ್, ಬೇರೆ ಅಳತೆ ಕೊಡಬಹುದು. ನನ್ನದು ನೋಟೋ ಸ್ಯಾನ್ಸ್ ಕನ್ನಡ, ಅಳತೆ 19. ‘ಮಿನಿಮಮ್’ ಅಳತೆಯನ್ನೂ 17 ಮಾಡಿ. ಎಷ್ಟೋ ಜಾಲತಾಣಗಳು ತಮ್ಮದೇ ಅಳತೆ ಹಾಕಿರುತ್ತವೆ, ಅಂಥ ಕಡೆ ಕೆಲಸಕ್ಕೆ ಬರುವುದು ಇದೇ. ಪುಟ ಮಾಡಿದವರು ಅದರ ಕೋಡಿನಲ್ಲಿ ಭಾಷೆ ಕನ್ನಡ ಅಂತ ಗುರುತು ಹಾಕಿಲ್ಲದಿದ್ದರೆ ಮಾತ್ರ ಇದು ನಡೆಯದು.

ಕರಡುಕಣ್ಣು:
ಮಾಡಿದೆ. ‘ಸ್ವಾತಂತ್ರ್ಯ’ದಲ್ಲಿ ರ ಒತ್ತು ಬೇರೆ, ಯ ಒತ್ತು ಬೇರೆ ಕಾಣುತ್ತಿವೆ. ಕನ್ನಡ ಅಂತ ಗುರುತಿಲ್ಲದ ಎರಡು ತಾಣ ಸಿಕ್ಕವು, ಅವರಿಗೆ ಇವತ್ತೇ ಬರೆಯುತ್ತೇನೆ.