ತುರ್ಕಿಯ ಪ್ರತಿರೋಧ ಮತ್ತು ಊರಿನ ಸಭೆಗಳು: ಇತಿಹಾಸ ಪ್ರಾಧ್ಯಾಪಕರಿಗೆ ಒಂದು ಪ್ರಶ್ನೆ

ಪ್ರಶ್ನೆ: ಮೇಡಂ, ನಮಸ್ಕಾರ. ಪದವಿ ತರಗತಿಗೆ ತುರ್ಕಿಯ ಸ್ವಾತಂತ್ರ್ಯ ಸಮರದ ಪಾಠ ಮಾಡುತ್ತಿದ್ದೇನೆ. ನನ್ನ ಬಳಿಯಿರುವ ಟಿಪ್ಪಣಿಗಳಲ್ಲೆಲ್ಲ ಕಥೆ ಆರಂಭವಾಗುವುದು 1919ರ ಮೇ 19ರಂದು ಸೇನಾಧಿಕಾರಿ ಮುಸ್ತಫಾ ಕೆಮಾಲ್ (ಮುಂದೆ ಅತಾತುರ್ಕ್) ಸಾಮ್ಸುನ್ ಬಂದರಿನಲ್ಲಿ ಇಳಿದಲ್ಲಿಂದ. ಅದಕ್ಕೂ ಮೊದಲೇ ಊರುಗಳಲ್ಲಿ ಸಭೆಗಳು ಸೇರಿದ್ದವು ಎನ್ನುತ್ತಾರೆ. ಅವುಗಳಿಗೆ ಎಷ್ಟು ಮಹತ್ವ ಕೊಡಬೇಕು?

ಉತ್ತರ: ನಮಸ್ಕಾರ ಸರ್. ನನ್ನ ಅಭಿಪ್ರಾಯದಲ್ಲಿ ಪಾಠವನ್ನು ಆ ಸಭೆಗಳಿಂದಲೇ ಆರಂಭಿಸಬೇಕು. ಮೊದಲ ಮಹಾಯುದ್ಧದಲ್ಲಿ ಸೋತ ಒಟ್ಟೊಮನ್ ಸಾಮ್ರಾಜ್ಯ ಒಪ್ಪಿಕೊಂಡ 1918ರ ಅಕ್ಟೋಬರ್ 30ರ ಮುದ್ರೋಸ್ ಕದನವಿರಾಮದ ಏಳನೆಯ ಕಲಮು, ತಮ್ಮ ಭದ್ರತೆಗೆ ಅಪಾಯವೆನಿಸಿದರೆ ಯಾವುದೇ ಆಯಕಟ್ಟಿನ ಸ್ಥಳವನ್ನು ವಶಪಡಿಸಿಕೊಳ್ಳುವ ಅಧಿಕಾರವನ್ನು ಮಿತ್ರರಾಷ್ಟ್ರಗಳಿಗೆ ಕೊಟ್ಟಿತ್ತು. ಇಸ್ತಾಂಬುಲ್‌ನಲ್ಲಿದ್ದ ಸುಲ್ತಾನನ ಸರ್ಕಾರ ತಮ್ಮನ್ನು ಕಾಪಾಡಲಾರದೆಂದು ಮೊದಲು ಅರಿತವರು ಗಡಿಪ್ರದೇಶಗಳ ಜನ. ಆ ವರ್ಷ ಮುಗಿಯುವುದರೊಳಗೆ ಕಾರ್ಸ್, ಎದಿರ್ನೆ, ಇಜ್ಮಿರ್‌ಗಳಲ್ಲಿ ಹಕ್ಕುರಕ್ಷಣೆಯ ಸಂಘಗಳು ಹುಟ್ಟಿಕೊಂಡವು. ಕಾರ್ಸ್‌ನವರಂತೂ ತಮ್ಮದೇ ತಾತ್ಕಾಲಿಕ ಸರ್ಕಾರವನ್ನು ರಚಿಸಿಕೊಂಡರು. 1919ರ ಏಪ್ರಿಲ್‌ನಲ್ಲಿ ಬ್ರಿಟಿಷರು ಅದನ್ನು ಚದುರಿಸಿ, ನಾಯಕರನ್ನು ಮಾಲ್ಟಾಕ್ಕೆ ಗಡೀಪಾರು ಮಾಡಿದರು.

ಮೇ 15ರಂದು ಗ್ರೀಕ್ ಸೇನೆ ಇಜ್ಮಿರ್‌ನಲ್ಲಿ ಇಳಿದ ಮೇಲೆ ಪಶ್ಚಿಮದ ಸಮಾವೇಶಗಳ ಸ್ವರೂಪವೇ ಬದಲಾಯಿತು. ಬಾಲಿಕೆಸಿರ್ ಮತ್ತು ಅಲಾಶೆಹಿರ್‌ಗಳಲ್ಲಿ ಸೇರಿದ ಊರ ಪ್ರಮುಖರು, ಮುಫ್ತಿಗಳು, ವ್ಯಾಪಾರಿಗಳು ಮನವಿ ಪತ್ರಗಳಿಗೆ ತೃಪ್ತರಾಗದೆ, ಮುಂಚೂಣಿಗೆ ಆಳುಗಳನ್ನು ಕಳುಹಿಸುವುದು, ಅವರಿಗೆ ದವಸ ಮತ್ತು ಹಣ ಒದಗಿಸುವುದು ಹೇಗೆಂದು ನಿರ್ಣಯಿಸಿದರು. ಸರ್ಕಾರ ಮಾಡಬೇಕಾದ ಕೆಲಸವನ್ನು ಸಭೆಗಳೇ ಕೈಗೆತ್ತಿಕೊಂಡಿದ್ದವು.

ಎರ್ಜುರುಮ್ ಸಮಾವೇಶವನ್ನೂ (ಜುಲೈ 23ರಿಂದ ಆಗಸ್ಟ್ 7) ಕರೆದವರು ಪೂರ್ವ ಪ್ರಾಂತ್ಯಗಳ ಮತ್ತು ತ್ರಾಬ್ಜೋನ್‌ನ ಸಂಘಗಳು. ಆ ಹೊತ್ತಿಗೆ ಸೇನೆಗೆ ರಾಜೀನಾಮೆ ಕೊಟ್ಟಿದ್ದ ಕೆಮಾಲ್ ಯಾವ ಊರಿನ ಪ್ರತಿನಿಧಿಯೂ ಆಗಿರಲಿಲ್ಲ. ಇಬ್ಬರು ಸ್ಥಳೀಯ ಪ್ರತಿನಿಧಿಗಳು ಸ್ಥಾನ ಬಿಟ್ಟುಕೊಟ್ಟ ಮೇಲಷ್ಟೇ ಅವರೂ ಮಾಜಿ ನೌಕಾ ಸಚಿವ ರೌಫ್ ಬೇ ಅವರೂ ಸಭೆಯೊಳಗೆ ಕುಳಿತರು. ವಿದ್ಯಾರ್ಥಿಗಳಿಗೆ ಈ ಸಂಗತಿಯನ್ನು ದಯವಿಟ್ಟು ಹೇಳಿ.

ಪ್ರಶ್ನೆ: ಹಾಗಾದರೆ ಕೆಮಾಲ್ ಅವರ ಕೊಡುಗೆ ಏನು? ಈ ಸಭೆಗಳಲ್ಲಿ ಎಲ್ಲ ಸಮುದಾಯದವರಿಗೂ ಸ್ಥಾನವಿತ್ತೇ?

ಉತ್ತರ: ಚದುರಿದ್ದನ್ನು ಒಂದುಗೂಡಿಸಿದ್ದು ಅವರ ಸಾಧನೆ, ಅದು ಸಣ್ಣದಲ್ಲ. ಸೆಪ್ಟೆಂಬರ್ 4ರಿಂದ 11ರವರೆಗೆ ನಡೆದ ಸಿವಾಸ್ ಸಮಾವೇಶದಲ್ಲಿ ಅಮೆರಿಕದ ಆಶ್ರಯ ಪಡೆಯಬೇಕೆಂಬ ವಾದ ಬಲವಾಗಿಯೇ ಕೇಳಿಬಂದರೂ, ಕೊನೆಗೆ ಸಂಘಗಳೆಲ್ಲ ಅನಾತೋಲಿಯಾ ಮತ್ತು ರುಮೇಲಿಯಾ (ತುರ್ಕಿಯ ಏಷ್ಯಾ ಮತ್ತು ಯುರೋಪ್ ಭಾಗಗಳು) ಹಕ್ಕುರಕ್ಷಣಾ ಸಂಘವೆಂಬ ಒಂದೇ ಹೆಸರಿನಡಿ ಬಂದವು. ಬಳಿಕ ಅನಾತೋಲಿಯಾ ಇಸ್ತಾಂಬುಲ್‌ನೊಂದಿಗಿನ ತಂತಿ ಸಂಪರ್ಕವನ್ನು ಕಡಿದುಕೊಂಡಿತು; ಮೂರು ವಾರಗಳೊಳಗೆ ಸುಲ್ತಾನನ ಪ್ರಧಾನಮಂತ್ರಿ ದಾಮಾದ್ ಫೆರಿತ್ ಪಾಷಾ ಅಧಿಕಾರ ಬಿಡಬೇಕಾಯಿತು.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ, ಇರಲಿಲ್ಲ. ಅಲ್ಲಿ ರಾಷ್ಟ್ರವೆಂದರೆ ಒಟ್ಟೊಮನ್ ಮುಸ್ಲಿಮರು ಎಂದೇ ಅರ್ಥ. ಅರ್ಮೇನಿಯನ್ನರಿಗೂ ಗ್ರೀಕರಿಗೂ ಸ್ಥಾನವಿರಲಿಲ್ಲ. 1915ರ ಅರ್ಮೇನಿಯನ್ನರ ಗಡೀಪಾರು ಮತ್ತು ಹತ್ಯಾಕಾಂಡದ ನೆರಳು ಪೂರ್ವದ ಊರುಗಳ ಮೇಲೆ ಆಗಲೂ ಇತ್ತು, ಯುದ್ಧಕಾಲದಲ್ಲಿ ಆಳಿ ಅಧಿಕಾರ ಕಳೆದುಕೊಂಡಿದ್ದ ಐಕ್ಯ ಮತ್ತು ಪ್ರಗತಿ ಪಕ್ಷದ ಅನೇಕ ಹಳೆಯ ಕಾರ್ಯಕರ್ತರೂ ಈ ಸಂಘಗಳಲ್ಲಿದ್ದರು. ಇದನ್ನು ಮುಚ್ಚಿಟ್ಟು ಪಾಠ ಮಾಡುವುದು ನ್ಯಾಯವಲ್ಲ.

1920ರ ಮಾರ್ಚ್ 16ರಂದು ಮಿತ್ರರಾಷ್ಟ್ರಗಳು ಇಸ್ತಾಂಬುಲ್‌ನ ಆಡಳಿತವನ್ನೇ ವಶಪಡಿಸಿಕೊಂಡಾಗ, ಅಂಕಾರಾದ ಹೊಸ ಸಂಸತ್ತಿಗೆ ಪ್ರತಿನಿಧಿಗಳನ್ನು ಆರಿಸಿದವರಲ್ಲಿ ಪುರಸಭೆಗಳ ಸದಸ್ಯರ ಜೊತೆ ಇದೇ ಹಕ್ಕುರಕ್ಷಣಾ ಸಂಘಗಳ ಸ್ಥಳೀಯ ಸಮಿತಿಗಳೂ ಇದ್ದವು. ಆದ್ದರಿಂದಲೇ ಏಪ್ರಿಲ್ 23ರಂದು ಆ ಸಂಸತ್ತು ಇಷ್ಟು ಬೇಗ ಸೇರಲು ಸಾಧ್ಯವಾಯಿತು.